ದೊಡ್ಡವರನ್ನು ಹುಡುಕಿ ಹೊರಟವನು

ನನ್ನ ಭಾವಮೈದುನ ಸಂಘಟಿತ ಅಪರಾಧದ ಬಗ್ಗೆ ಸಂಶೋಧನೆ ಮಾಡುತ್ತಾನೆ ಎಂದು ಯಾರಿಗಾದರೂ ಹೇಳಿದರೆ, ಅವರು ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಖಾಲಿ ರಸ್ತೆಯನ್ನೂ ಕೈ ಎತ್ತಿಕೊಂಡು ದಾಟುವ ಮನುಷ್ಯ ಅವನು. ಗೇಟಿಗೆ ಭುಜ ತಾಗಿದರೆ ಗೇಟಿಗೇ ‘ಸಾರಿ’ ಅನ್ನುತ್ತಾನೆ. ಬಿಸಿಲಿರಲಿ, ಮೋಡವಿರಲಿ, ಕಂಕುಳಲ್ಲಿ ಒಂದು ಕೊಡೆ ಇದ್ದೇ ಇರುತ್ತದೆ. ಇಂಥವನು ಗೂಂಡಾಗಳನ್ನೂ ಕಳ್ಳಸಾಗಣೆದಾರರನ್ನೂ ಹುಡುಕಿಕೊಂಡು ಹೋಗಿ, ಮಾತಾಡಿಸಿ, ಪ್ರಬಂಧ ಬರೆಯಬೇಕೆಂದು ಒಂದು ವಿಶ್ವವಿದ್ಯಾಲಯ ಕೂತು ತೀರ್ಮಾನಿಸಿತ್ತು. ವಿಶ್ವವಿದ್ಯಾಲಯಗಳ ವಿಷಯದಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ. ನನ್ನದು ಕನ್ನಡಕದ ಅಂಗಡಿ.

ಅವನು ಇದ್ದದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. “ಹಾಸ್ಟೆಲ್ ಸಿಗೋವರೆಗೆ ಸ್ವಲ್ಪ ದಿನ ಇರ್ತಾನೆ ಕಣ್ರೀ” ಎಂದು ನನ್ನ ಹೆಂಡತಿ ಹೇಳಿ ಎರಡು ವರ್ಷವಾಗಿತ್ತು. ಸೀಟು ಖಾಯಂ ಆದವರಿಗೆ ಮಾತ್ರ ಹಾಸ್ಟೆಲ್. ಸೀಟು ಖಾಯಂ ಆಗಬೇಕಾದರೆ ಸಮಿತಿಯ ಮುಂದೆ ಪಾಸಾಗಬೇಕು. ಸಮಿತಿಯ ಮುಂದೆ ಪಾಸಾಗಬೇಕಾದರೆ ಒಬ್ಬನಾದರೂ ಅಪರಾಧಿಯನ್ನು ಮಾತಾಡಿಸಿರಬೇಕು. ಆದ್ದರಿಂದ ಅವನಿಗೊಬ್ಬ ಒಳ್ಳೆಯ ಅಪರಾಧಿ ಸಿಗಲಿ ಎಂದು ನಾನು ಮನಸಾರೆ ಹಾರೈಸುತ್ತಿದ್ದೆ.

ವಿಷಯವೇನು ಎಂದು ಒಮ್ಮೆ ಕೇಳಿದ್ದೆ. ಊಟದ ತಟ್ಟೆ ಬದಿಗೆ ಸರಿಸಿ ವಿವರಿಸಿದ.

“ಪೊಲೀಸರ ಹತ್ತಿರ ಹೋದ್ರೆ ಕೆಲಸ ಆಗಲ್ಲ ಅಂತ ಜನಕ್ಕೆ ಅನ್ನಿಸಿದಾಗ ಇನ್ನೊಬ್ಬನ ಹತ್ತಿರ ಹೋಗ್ತಾರೆ ಭಾವ. ಅವನು ರಕ್ಷಣೆ ಮಾರ್ತಾನೆ. ಮಜಾ ಏನು ಗೊತ್ತಾ? ಅವನು ಯಾರಿಗೂ ಹೊಡೀಬೇಕಾಗೇ ಇಲ್ಲ. ಹೊಡೀಬಲ್ಲ ಅಂತ ಜನ ನಂಬಿದ್ರೆ ಸಾಕು.”

“ಸರಿ, ಅಂಥವನು ಎಲ್ಲಿದ್ದಾನೆ?”

“ಅದೇ ಗೊತ್ತಾಗ್ತಿಲ್ಲ” ಎಂದು ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ.

ಹುಡುಕಲಿಲ್ಲವೆಂದಲ್ಲ. ಮಾರುಕಟ್ಟೆಯಲ್ಲಿ ನಕಲಿ ವಾಚು ಮಾರುವವನೊಬ್ಬನ ಮುಂದೆ ಹೋಗಿ ನಿಂತು, “ನಮಸ್ಕಾರ. ನೀವು ಮಾರ್ತಿರೋದು ನಕಲಿ ಮಾಲು ತಾನೆ? ಹೌದಾದ್ರೆ ದಯವಿಟ್ಟು ಇಲ್ಲೊಂದು ಸಹಿ ಹಾಕಿ” ಎಂದು ಒಪ್ಪಿಗೆ ಪತ್ರ ಮುಂದೆ ಹಿಡಿದನಂತೆ. ಸಂಶೋಧನೆಯಲ್ಲಿ ಯಾರನ್ನು ಮಾತಾಡಿಸಿದರೂ ಮೊದಲು ಅವರ ಒಪ್ಪಿಗೆಗೆ ಸಹಿ ಪಡೆಯಬೇಕೆಂಬ ನಿಯಮವಿದೆ. ವಾಚಿನವನು ಮಾಲನ್ನೂ ಬಿಟ್ಟು ಓಡಿದ. ಇವನು ಸಂಜೆಯವರೆಗೂ ಆ ವಾಚುಗಳನ್ನು ಕಾದುಕೊಂಡು ಕೂತು, ಕೊಳ್ಳಲು ಬಂದವರಿಗೆಲ್ಲ “ಇದು ನಕಲಿ, ತಗೋಬೇಡಿ” ಎಂದು ಹೇಳಿ ಕಳಿಸಿ, ಕೊನೆಗೆ ಎಲ್ಲವನ್ನೂ ಗಂಟು ಕಟ್ಟಿ ಪಕ್ಕದ ಅಂಗಡಿಯವನಿಗೆ ಒಪ್ಪಿಸಿ ಬಂದ. ಆ ಮಾರುಕಟ್ಟೆಯಲ್ಲಿ ಅಕ್ರಮ ಆರ್ಥಿಕತೆಗೆ ಅಷ್ಟು ದೊಡ್ಡ ಪೆಟ್ಟು ಪೊಲೀಸರೂ ಕೊಟ್ಟಿರಲಿಲ್ಲ.

ಅವನ ಗೈಡ್ ಮೇಡಂಗೆ ತಾಳ್ಮೆ ತಪ್ಪಿತು. “ಮುಂದಿನ ತಿಂಗಳು ಸಮಿತಿ ಸೇರತ್ತೆ. ಅಷ್ಟರಲ್ಲಿ ನಿನಗೆ ನಿಜವಾದ ಒಬ್ಬ ಮನುಷ್ಯನ ಸುಳಿವು ಸಿಗದೆ ಹೋದ್ರೆ ಸೀಟು ಇನ್ನೊಬ್ಬರಿಗೆ ಹೋಗತ್ತೆ. ನಾನೇನೂ ಮಾಡೋಕಾಗಲ್ಲ” ಎಂದುಬಿಟ್ಟರು. ಜೊತೆಗೆ ಅವನನ್ನು ಒಂದು ದಿನದ ತರಬೇತಿಗೂ ಕಳಿಸಿದರು. ಮಾಹಿತಿ ಕೊಡುವವರ ಗುಟ್ಟನ್ನು ಸಂಶೋಧಕ ಹೇಗೆ ಕಾಪಾಡಬೇಕು ಎಂಬುದು ಅಲ್ಲಿಯ ಪಾಠ. ಇವನ ಹತ್ತಿರ ಗುಟ್ಟೂ ಇರಲಿಲ್ಲ, ಮಾಹಿತಿ ಕೊಡುವವರೂ ಇರಲಿಲ್ಲ. ಆದರೂ ಪಾಠವನ್ನು ಬಾಯಿಪಾಠ ಮಾಡಿಕೊಂಡು ಬಂದ. ಇಂಥವರನ್ನು ಭೇಟಿಯಾದೆಯಾ ಎಂದು ಯಾರು ಕೇಳಿದರೂ ಹೌದು ಅನ್ನಬಾರದು, ಇಲ್ಲ ಎಂದೂ ಅನ್ನಬಾರದು.

ಎಲ್ಲ ಅನಾಹುತವೂ ಶುರುವಾದದ್ದು ಅಲ್ಲಿಂದ.

ಅದೇ ಸಂಜೆ ಮೆಟ್ಟಿಲ ಹತ್ತಿರ ಮನೆ ಮಾಲೀಕರು ಸಿಕ್ಕರು. ನಾವು ಕೆಳಗೆ, ಅವರು ಮೇಲೆ. ಊರಿನ ಸುದ್ದಿಯೆಲ್ಲ ಮೊದಲು ಅವರ ಮೂಗಿಗೆ ಬಡಿದು ಆಮೇಲೆ ಮುಂದಕ್ಕೆ ಹೋಗುತ್ತದೆ. “ಏನಪ್ಪಾ, ಸಿಕ್ಕಿದ್ರಾ ನಿನ್ನ ರೌಡಿಗಳು?” ಎಂದು ತಮಾಷೆ ಮಾಡಿದರು. “ಒಬ್ಬರೂ ಸಿಕ್ಕಿಲ್ಲ ಸರ್” ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದಿನಾ ಅದೇ ಉತ್ತರ ಕೊಟ್ಟು ಕೊಟ್ಟು ಅವನಿಗೂ ಅವಮಾನವಾಗಿತ್ತೆಂದು ಕಾಣುತ್ತದೆ. ಆಚೀಚೆ ನೋಡಿದ. ದನಿ ತಗ್ಗಿಸಿದ.

“ಅದನ್ನ ಹೇಳೋ ಹಾಗಿಲ್ಲ ಸರ್. ಯಾರನ್ನ ನೋಡ್ತೀನಿ, ಏನು ಮಾತಾಡ್ತೀನಿ, ಯಾವುದೂ ಹೊರಗೆ ಬರಬಾರದು.”

ಮಾಲೀಕರ ಕಿವಿ ನೆಟ್ಟಗಾಯಿತು. ಮರುದಿನ ಬೆಳಿಗ್ಗೆ ಹೊತ್ತಿಗೆ ನಮ್ಮ ಬೀದಿಯ ಕಿವಿಗಳೆಲ್ಲ ನೆಟ್ಟಗಾಗಿದ್ದವು.

ಮೊದಲು ಬಂದವನು ಎದುರು ಸಾಲಿನ ಟೈಲರ್. ಅವನ ಅಂಗಡಿ ಬಾಗಿಲಿಗೆ ಅಡ್ಡವಾಗಿ ದಿನಾ ಒಬ್ಬ ತನ್ನ ವ್ಯಾನು ನಿಲ್ಲಿಸುತ್ತಿದ್ದ. ಒಳಗೆ ಬೆಳಕಿಲ್ಲ, ಗಿರಾಕಿ ಇಲ್ಲ, ಟೈಲರ್‌ಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ನನ್ನ ಭಾವಮೈದುನ ಕೊಡೆ ಹಿಡಿದು ಹೊರಟಿದ್ದಾಗ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ ವ್ಯಾನಿನ ಪುರಾಣವನ್ನೆಲ್ಲ ಹೇಳಿ, “ನಾನೇನೂ ಕೇಳ್ತಿಲ್ಲ ಸಾರ್. ಸುಮ್ನೆ ನಿಮ್ಮ ಕಿವಿಗೆ ಹಾಕ್ದೆ” ಎಂದ.

ಎದುರಿಗಿದ್ದವರಿಗೆ ‘ನನ್ನ ಕೈಲಾಗಲ್ಲ’ ಎಂದು ಹೇಳಲು ಇವನಿಗೆ ಹುಟ್ಟಿದಾಗಿನಿಂದ ಬಾಯಿ ಬಂದಿಲ್ಲ. “ನೋಡೋಣ” ಎಂದ.

ಆ ವಾರವೇ ವ್ಯಾನು ಮಾಯವಾಯಿತು. ವ್ಯಾನಿನವನು ನನ್ನ ಗಿರಾಕಿ, ಅವನ ಕಣ್ಣಿನ ನಂಬರು ನನ್ನ ನಾಲಿಗೆ ತುದಿಯಲ್ಲಿದೆ. ಬೇರೆ ಬಡಾವಣೆಗೆ ಮನೆ ಬದಲಾಯಿಸಿದ್ದ, ಅಷ್ಟೆ. ಅದನ್ನು ಟೈಲರ್‌ಗೆ ಹೇಳಿದೆ. ಅವನು ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ. “ಅಷ್ಟು ವರ್ಷ ಇದ್ದ ಮನೇನ ಯಾರು ಸಾರ್ ಸುಮ್‌ಸುಮ್ನೆ ಬಿಡ್ತಾರೆ?” ಎಂದ.

ಎರಡನೆಯವರು ಮಾಲೀಕರೇ. ಹಿಂದಿನ ಮನೆಯಲ್ಲಿ ಬ್ಯಾಂಡ್ ಕಂಪನಿಯ ಟ್ರಂಪೆಟ್‌ನವನು ಬೆಳಗಾಗುವ ಮೊದಲೇ ಅಭ್ಯಾಸಕ್ಕೆ ಕೂತುಬಿಡುತ್ತಿದ್ದ. ಮಾಲೀಕರಿಗೆ ನಿದ್ದೆ ಇಲ್ಲ. “ನಾನೇನೂ ಕೇಳ್ತಿಲ್ಲಪ್ಪ, ಸುಮ್ನೆ ನಿನ್ನ ಕಿವಿಗೆ ಹಾಕಿದೆ” ಎಂದರು. “ನೋಡೋಣ ಸರ್” ಎಂದ ಇವನು. ನಾಲ್ಕು ದಿನ ಕಳೆದಿರಬೇಕು, ಟ್ರಂಪೆಟ್ ನಿಂತುಹೋಯಿತು. ಟ್ರಂಪೆಟ್‌ನವನು ಹೊರಗೆ ಬಂದಾಗ ನೋಡಿದರೆ ಮುಂದಿನ ಒಂದು ಹಲ್ಲು ಇಲ್ಲ!

ಕಿತ್ತದ್ದು ಹಲ್ಲಿನ ಡಾಕ್ಟರು. ಆದರೆ ನಮ್ಮ ಬೀದಿಯಲ್ಲಿ ಡಾಕ್ಟರ ಮಾತು ಯಾರಿಗೆ ಬೇಕು? ಸಾಲದ್ದಕ್ಕೆ ನನ್ನ ಭಾವಮೈದುನ ಕರುಣೆಯ ಮುದ್ದೆ. ಮಾಲೀಕರ ಎದುರಿಗೇ ಟ್ರಂಪೆಟ್‌ನವನನ್ನು ನಿಲ್ಲಿಸಿ, ಹತ್ತಿರ ಹೋಗಿ, ಬಾಯಿ ತೆರೆಸಿ ನೋಡಿ, ಮೆಲ್ಲಗೆ, “ಪಕ್ಕದ್ದೂ ಸ್ವಲ್ಪ ಅಲ್ಲಾಡೋ ಹಾಗೆ ಕಾಣ್ತಿದೆ. ಜೋಪಾನ” ಎಂದ. ಟ್ರಂಪೆಟ್‌ನವನು ಕೈ ಮುಗಿದು ಹೋದ. ಮಾಲೀಕರು ಮೆಟ್ಟಿಲ ಕಂಬಿ ಹಿಡಿದುಕೊಂಡರು.

ಅಂದಿನಿಂದ ಬೀದಿಯಲ್ಲಿ ಅವನಿಗೆ ಎದುರಿಗೆ ‘ಸಾರ್’, ಹಿಂದಿನಿಂದ ‘ದೊಡ್ಡವರು’ ಎಂಬ ಹೆಸರಾಯಿತು. ಅವನು ರಸ್ತೆ ದಾಟಲು ಕೈ ಎತ್ತಿದರೆ ಎರಡೂ ಕಡೆಯ ಗಾಡಿಗಳು ನಿಂತುಬಿಡುತ್ತಿದ್ದವು. ಟೈಲರ್ ಹೊಸ ಪ್ಯಾಂಟು ಹೊಲಿದು ತಂದು ಬಾಗಿಲಲ್ಲಿಟ್ಟು ಓಡಿದ. ತರಕಾರಿ ಅಂಗಡಿಯವಳು ನನ್ನ ಹೆಂಡತಿಗೆ ಕೊಳೆತದ್ದನ್ನು ಆರಿಸಿ ಪಕ್ಕಕ್ಕಿಟ್ಟು ತೂಗತೊಡಗಿದಳು. “ಓದಿದವರಿಗೆ ಇವತ್ತಿಗೂ ಬೆಲೆ ಇದೆ ನೋಡ್ರೀ” ಎಂದು ನನ್ನ ಹೆಂಡತಿ ಹಿಗ್ಗಿದಳು. ನನ್ನ ಅಂಗಡಿಯಲ್ಲಿ ಚೌಕಾಸಿ ಮಾಡುವುದನ್ನೇ ಜನ ಮರೆತರು. ಮಾಡಿಸಲು ಹಾಕಿ ವರ್ಷಗಟ್ಟಲೆ ತಲೆ ಹಾಕದ ಗಿರಾಕಿಗಳೆಲ್ಲ ಬಂದು ತಮ್ಮ ತಮ್ಮ ಕನ್ನಡಕಗಳನ್ನು ಒಯ್ದರು. ಕೆಲವರ ನಂಬರು ಅಷ್ಟರಲ್ಲಿ ಬದಲಾಗಿತ್ತು, ಆದರೂ ಹಾಕಿಕೊಂಡೇ ಹೋದರು.

ವಿಷಯವನ್ನು ಅವನಿಗೆ ತಿಳಿಸಬೇಕೆಂದು ನನಗೆ ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಅನ್ನಿಸಿತು. ಪ್ರತಿದಿನ ಅನ್ನಿಸಿತು. ಆದರೆ ವ್ಯಾಪಾರದ ಹೊತ್ತಿನಲ್ಲಿ ಪುರುಸೊತ್ತು ಎಲ್ಲಿರುತ್ತದೆ? ಒಂದು ಮಾತು ಮಾತ್ರ ಎದೆ ತಟ್ಟಿ ಹೇಳುತ್ತೇನೆ. ಪಕ್ಕದ ಮೊಬೈಲ್ ಅಂಗಡಿಯವನು ತನ್ನ ಹೊಸ ಬೋರ್ಡನ್ನು ನನ್ನ ಬೋರ್ಡಿನ ಅರ್ಧ ಮುಚ್ಚುವ ಹಾಗೆ ನಿಲ್ಲಿಸಿದ್ದ. ರಸ್ತೆಯಿಂದ ನೋಡಿದರೆ ನನ್ನ ಅಂಗಡಿಯಲ್ಲಿ ಏನು ಸಿಗುತ್ತದೆಂದೇ ತಿಳಿಯುತ್ತಿರಲಿಲ್ಲ. ಆದರೂ ನಾನು ಆ ವಿಷಯವನ್ನು ಭಾವಮೈದುನನ ಮುಂದೆ ಎತ್ತಲಿಲ್ಲ. ಮನುಷ್ಯನಿಗೆ ಮರ್ಯಾದೆ ಅಂತ ಒಂದಿರಬೇಕು.

ಸಮಿತಿ ಸೇರುವ ದಿನ ಹತ್ತಿರವಾದಂತೆ ಗೈಡ್ ಮೇಡಂ ಅವನಿಗೊಂದು ಉಪಾಯ ಹೇಳಿಕೊಟ್ಟರು. ಗೊತ್ತಿರುವ ಒಬ್ಬರನ್ನು ಮಾತಾಡಿಸು, ‘ಇನ್ನೂ ಹೆಚ್ಚು ಗೊತ್ತಿರೋರು ಯಾರು?’ ಎಂದು ಕೇಳು, ಅವರು ತೋರಿಸಿದವರ ಹತ್ತಿರ ಹೋಗು. ಹೀಗೆ ಒಬ್ಬರಿಂದ ಒಬ್ಬರಿಗೆ ಏಣಿ ಹತ್ತಿದರೆ ತುದಿಯಲ್ಲಿ ದೊಡ್ಡ ಮನುಷ್ಯ ಸಿಕ್ಕೇ ಸಿಗುತ್ತಾನೆ. ಸಂಶೋಧನೆಯಲ್ಲಿ ಇದು ಎಲ್ಲರೂ ಒಪ್ಪಿದ ದಾರಿಯಂತೆ. ಬೇರೆ ಬೀದಿಗೆ ಹೋಗಲು ಭಯವಾದ್ದರಿಂದ ಇವನು ನಮ್ಮ ಬೀದಿಯಿಂದಲೇ ಏಣಿ ಹತ್ತಲು ಶುರು ಮಾಡಿದ.

ನಾನು ಆಗ ಟೈಲರ್ ಅಂಗಡಿಯಲ್ಲೇ ಇದ್ದೆ, ಅಂಗಿಯ ಗುಂಡಿ ಹಾಕಿಸಲು ಹೋಗಿದ್ದೆ. ಇವನು ಬಂದು ಕೂತು, ಧ್ವನಿ ಮುದ್ರಿಸುವ ಯಂತ್ರವನ್ನು ಮೇಜಿನ ಮೇಲಿಟ್ಟು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ. ಟೈಲರ್‌ನ ಸಹಿ ಮೂರು ಸಾಲಿಗೆ ಹರಡಿತು.

“ಈ ಬೀದಿಯಲ್ಲಿ ಏನಾದ್ರೂ ತೊಂದರೆ ಬಂದ್ರೆ, ಪೊಲೀಸರಿಲ್ಲದೆ ಬಗೆಹರಿಸೋರು ಯಾರಾದ್ರೂ ಇದ್ದಾರಾ?” ಎಂದು ಇವನು ಕೇಳಿದ.

ಟೈಲರ್‌ಗೆ ಒಂದೇ ಒಂದು ಅರ್ಥ ಹೊಳೆಯಿತು. ತಾನು ಎಲ್ಲಾದರೂ ಬಾಯಿ ಬಿಟ್ಟಿದ್ದೇನೋ ಇಲ್ಲವೋ ಎಂದು ದೊಡ್ಡವರೇ ಬಂದು ಪರೀಕ್ಷಿಸುತ್ತಿದ್ದಾರೆ!

“ನಮ್ಮ ತಾಯಾಣೆ ಸಾರ್, ನಂಗೇನೂ ಗೊತ್ತಿಲ್ಲ. ಯಾರ ಹತ್ರಾನೂ ಏನೂ ಹೇಳಿಲ್ಲ.”

“ಹಾಗಾದ್ರೆ ಹೇಳೋವಂಥದ್ದು ಏನೋ ಇದೆ!” ಇವನ ಕಣ್ಣು ಅರಳಿತು. “ಒಬ್ಬರು ಇದ್ದಾರೆ ಅಂತಾಯ್ತು.”

“ಇದ್ದಾರೆ ಅಂತ ನೀವೇ ಅಂದ್ರೆ ಇದ್ದಾರೆ ಸಾರ್.”

“ನೋಡೋಕೆ ಹೇಗಿದ್ದಾರೆ?”

ಟೈಲರ್ ಇವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಬೆವರು ಒರೆಸಿಕೊಂಡ. “ಸ್ವಲ್ಪ ತೆಳ್ಳಗೆ… ಅಯ್ಯೋ, ಅಲ್ಲ ಸಾರ್, ಗಟ್ಟಿಮುಟ್ಟು! ಗಟ್ಟಿಮುಟ್ಟು ಅಂತ ಬರ್ಕೊಳ್ಳಿ. ಎತ್ತರದ ಆಳು. ದನಿ ಮಾತ್ರ ಮೆತ್ತಗೆ. ದೇವರಂಥ ಮನುಷ್ಯ.”

“ಅವರ ಬಗ್ಗೆ ಇನ್ನೂ ಹೆಚ್ಚು ಗೊತ್ತಿರೋರು?”

“ಮಾಲೀಕರು” ಎಂದು ಟೈಲರ್ ತನ್ನ ತಲೆ ಮೇಲಿನ ಕತ್ತಿಯನ್ನು ಪಕ್ಕದವರ ತಲೆಗೆ ಸರಿಸಿದ. ನಾನು ಗುಂಡಿ ಇಲ್ಲದ ಅಂಗಿಯನ್ನೇ ಹಾಕಿಕೊಂಡು ಹೊರಗೆ ಬಂದು ನಕ್ಕೆ.

ಮಾಲೀಕರು ಎತ್ತರವನ್ನು ಇನ್ನಷ್ಟು ಏರಿಸಿ, ಮೀಸೆಯನ್ನೂ ಹಲ್ಲು ಉದುರಿಸುವ ಕೈಯನ್ನೂ ಸೇರಿಸಿ, ಟ್ರಂಪೆಟ್‌ನವನತ್ತ ಬೆರಳು ತೋರಿಸಿದರು. ಟ್ರಂಪೆಟ್‌ನವನು ಅಲ್ಲಾಡುವ ಹಲ್ಲಿನ ಮೇಲೆ ನಾಲಿಗೆ ಆಡಿಸುತ್ತಾ, “ತುಂಬಾ ಕಾಳಜಿ ಇರೋರು” ಎಂದಷ್ಟೇ ಹೇಳಿ ನಮ್ಮ ಬೀದಿಯ ಬೀಟ್ ಪೊಲೀಸಿನವನ ಕಡೆಗೆ ಸಾಗಹಾಕಿದ. ದಿನದಿನಕ್ಕೆ ನನ್ನ ಭಾವಮೈದುನನ ಸಂಭ್ರಮವೂ ಏರಿತು, ಭಯವೂ ಏರಿತು. “ಭಾವ, ನಮ್ಮ ಬೀದಿಯಲ್ಲೇ ಒಬ್ಬ ಭಯಂಕರ ಮನುಷ್ಯ ಇದ್ದಾನೆ! ಆರಡಿ, ಮೀಸೆ, ಹಲ್ಲು ಉದುರಿಸ್ತಾನೆ. ಸಂಜೆ ಆದಮೇಲೆ ಅಕ್ಕನ್ನ ಒಬ್ಬಳೇ ಹೊರಗೆ ಕಳಿಸಬೇಡಿ” ಎಂದು ಬಾಗಿಲಿಗೆ ಎರಡನೇ ಚಿಲಕ ಹಾಕಿಸಿದ. ನಾನು ಬಾಯಿ ಮುಚ್ಚಿಕೊಂಡು ಚಿಲಕ ಹಾಕುವವನಿಗೆ ದೀಪ ಹಿಡಿದೆ.

ಕೊನೆಯ ಮೆಟ್ಟಿಲು ಬೀಟ್ ಪೊಲೀಸಿನವನು. ಅವನೂ ತನ್ನ ಪರೀಕ್ಷೆ ನಡೆಯುತ್ತಿದೆ ಎಂದೇ ತಿಳಿದ. “ನಮಗೆಲ್ಲ ಗೊತ್ತು ಸಾರ್. ಗೊತ್ತಿದ್ರೂ ಗೊತ್ತಿಲ್ಲದ ಹಾಗೇ ಇದೀವಿ. ಹಸಿರು ಗೇಟು, ಕನ್ನಡಕದ ಅಂಗಡಿಯವರ ಮನೆ. ಆ ಕಡೆ ನಾನು ತಲೆ ಹಾಕಿಯೂ ಮಲಗಿಲ್ಲ” ಎಂದನಂತೆ.

ಅಂದು ಮಧ್ಯಾಹ್ನ ನಮ್ಮ ಮನೆಯ ಗಂಟೆ ಸದ್ದಾಯಿತು. ಬಾಗಿಲು ತೆಗೆದರೆ ಇವನೇ, ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡು ಗಂಟೆ ಒತ್ತಿ ನಿಂತಿದ್ದಾನೆ. ಮುಖದಲ್ಲಿ ರಕ್ತವಿಲ್ಲ. ಕೊಡೆಯನ್ನು ಎರಡು ಕೈಯಲ್ಲೂ ಎದೆಗೆ ಅವಚಿಕೊಂಡಿದ್ದಾನೆ.

“ಒಳಗೆ ಬರಬಹುದಾ?”

“ಯಾಕಯ್ಯ, ಏನಾಯ್ತು?”

“ಭಾವ… ನೀವಾ?” ಎಂದ. “ಎರಡು ವರ್ಷ ನಿಮ್ಮ ಮನೆ ಊಟ ಮಾಡ್ದೆ. ನಂಗೆ ಗೊತ್ತೇ ಆಗ್ಲಿಲ್ಲ. ಕನ್ನಡಕದ ಅಂಗಡಿ ಬರೀ ನೆಪ ಅಲ್ವಾ?” ಒಪ್ಪಿಗೆ ಪತ್ರವನ್ನು ಮುಂದೆ ಹಿಡಿದ. “ನಿಮಗೆ ಇಷ್ಟ ಇದ್ರೆ ಮಾತ್ರ, ಇಲ್ಲೊಂದು ಸಹಿ. ಇಷ್ಟ ಇಲ್ದಿದ್ರೆ ನಾನು ಈಗಲೇ ಮರೆತುಬಿಡ್ತೀನಿ.”

ಒಳಗಿನಿಂದ ನನ್ನ ಹೆಂಡತಿ ಬಂದಳು. ಅವಳ ಕೈ ಹಿಡಿದು, “ಅಕ್ಕ, ನಿನಗೆ ಮೊದಲೇ ಗೊತ್ತಿತ್ತಾ? ಬೀದಿಯನ್ನೆಲ್ಲ ನಡುಗಿಸೋ ಮನುಷ್ಯ ಭಾವನೇ” ಎಂದು ಪಿಸುಗುಟ್ಟಿದ.

“ಇವರಾ?” ಎಂದಳು ಅವಳು. “ಇವರಿಗೆ ಉಪ್ಪಿನ ಡಬ್ಬಿ ಮುಚ್ಚಳ ತೆಗೆಯೋಕೆ ಬರಲ್ಲ.”

ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಒಮ್ಮೆಯಾದರೂ ನನ್ನನ್ನು ಯಾರೋ ಹೆದರಿಕೆಯಿಂದ ನೋಡಿದ್ದರು. ಅದನ್ನು ಅವಳು ಅರ್ಧ ನಿಮಿಷವೂ ಉಳಿಯಗೊಡಲಿಲ್ಲ. ಆ ಸಿಟ್ಟಿನಲ್ಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. “ನಾನಲ್ಲ ಕಣಯ್ಯ, ನೀನು! ಆ ದೊಡ್ಡವರು ನೀನೇ!” ವ್ಯಾನು, ಟ್ರಂಪೆಟ್, ಹಲ್ಲು, ಪ್ಯಾಂಟು, ತರಕಾರಿ, ಒಂದೂ ಬಿಡದೆ ಹೇಳಿದೆ.

“ಆದ್ರೆ ಆರಡಿ ಎತ್ತರ ಅಂದ್ರಲ್ಲ” ಎಂದು ಅವನು ನೆಲದ ಮೇಲೆ ಕುಸಿದು ಕೂತ.

ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ, “ನಾಳೆ ಸಮಿತಿ ಇದೆ ಭಾವ. ನನ್ನ ಹತ್ತಿರ ಇರೋದೆಲ್ಲ ನನ್ನ ಬಗ್ಗೆಯೇ. ಇದನ್ನ ಹಾಗೇ ಓದಿದ್ರೆ ಸೀಟು ಸಿಗತ್ತೆ. ಆದ್ರೆ ಅದು ಮೋಸ” ಎಂದ. ಮರುದಿನ ಬಸ್ಸಿನಲ್ಲಿ ನಾನೂ ಜೊತೆಗೆ ಹೋದೆ. “ನಿಜ ಹೇಳಿಬಿಡ್ತೀನಿ. ಇನ್ನು ಮೇಲೆ ಯಾರು ಏನು ಕೇಳಿದ್ರೂ ‘ನನ್ನ ಕೈಲಾಗಲ್ಲ’ ಅಂತೀನಿ. ‘ನೋಡೋಣ’ ಅಂತ ಜನ್ಮದಲ್ಲಿ ಅನ್ನಲ್ಲ” ಎಂದು ದಾರಿಯುದ್ದಕ್ಕೂ ಹೇಳಿಕೊಂಡ.

ಸಮಿತಿಯ ಸಭೆಯಲ್ಲಿ ಬೇಕಾದವರು ಕೂರಬಹುದಿತ್ತು. ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಮುಂದೆ ಮೂವರಿದ್ದರು, ಗೈಡ್ ಮೇಡಂ, ಬಿಳಿ ತಲೆಯ ಅಧ್ಯಕ್ಷರು, ಮತ್ತು ಹೊರಗಿನಿಂದ ಕರೆಸಿದ್ದ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ. ಟೈಲರ್‌ನಿಂದ ಟ್ರಂಪೆಟ್‌ನವನವರೆಗೆ ಎಲ್ಲರ ಮಾತನ್ನೂ ಇವನು ಅಂದಂದೇ ಮೇಡಂಗೆ ಕಳಿಸಿದ್ದರಿಂದ ಅವರು ಮೊದಲೇ ಓದಿಕೊಂಡು ಬಂದಿದ್ದರು, ಮೂವರ ಮುಖದಲ್ಲೂ ಕುತೂಹಲ ಕುಣಿಯುತ್ತಿತ್ತು.

ನನ್ನ ಭಾವಮೈದುನ ಎದ್ದು ನಿಂತ. ಕೊಡೆಯನ್ನು ಮೇಜಿನ ಮೇಲಿಟ್ಟ.

“ಇದರಲ್ಲಿ ಬರೋ ದೊಡ್ಡವರು ಇಲ್ಲವೇ ಇಲ್ಲ. ಅದು ನಾನೇ. ನನಗೆ ಯಾವ ಅಪರಾಧಿಯ ಪರಿಚಯವೂ ಇಲ್ಲ. ಇದೆ ಅನ್ನೋ ಹಾಗೆ ನಟಿಸಿದೆ, ಜನ ನಂಬಿದ್ರು. ನನ್ನಿಂದ ತಪ್ಪಾಯ್ತು. ಸೀಟು ಬೇರೆಯವರಿಗೆ ಕೊಟ್ಟುಬಿಡಿ.”

ಮುಂದಿನ ಕೋಣೆ ಇನ್ನು ಶಾಶ್ವತವಾಗಿ ಅವನದೇ ಎಂದು ನನಗೆ ಅರ್ಥವಾಯಿತು. ಆದರೂ ನಿಜ ಹೇಳುತ್ತೇನೆ, ಆ ಹುಡುಗನ ಮೇಲೆ ನನಗೆ ಮೊದಲ ಸಲ ಹೆಮ್ಮೆಯಾಯಿತು. ಕಣ್ಣಲ್ಲಿ ನೀರು ಬಂತು.

ನಿವೃತ್ತ ಅಧಿಕಾರಿ ಮುಂದಕ್ಕೆ ಬಾಗಿದರು. “ನಿಮ್ಮನ್ನ ಇಷ್ಟೊಂದು ಹೆದರಿಸಿದ್ದಾನಾ ಅವನು?”

“ಯಾರು ಸರ್?”

“ಅವನೇ.”

“ಅವನು ಇಲ್ಲ ಸರ್!”

ಅಧಿಕಾರಿ ಉಳಿದಿಬ್ಬರ ಕಡೆ ತಿರುಗಿದರು. “ನೋಡಿದ್ರಾ? ನನ್ನ ಸರ್ವಿಸಿನ ಉದ್ದಕ್ಕೂ ಇದೇ ಮಾತು ಕೇಳಿದ್ದೀನಿ. ಅಂಥವನು ಇಲ್ಲವೇ ಇಲ್ಲ ಅಂತಾರೆ. ನಿಜವಾಗ್ಲೂ ಇಲ್ದೇ ಇದ್ದಿದ್ರೆ ಯಾರೂ ಇಷ್ಟು ಖಡಾಖಂಡಿತವಾಗಿ ಹೇಳ್ತಿರಲಿಲ್ಲ.”

“ಸರ್, ದಯವಿಟ್ಟು…”

“ಸಾಕು, ಇನ್ನೇನೂ ಹೇಳಬೇಡ. ನಿನ್ನ ಜೀವಕ್ಕೆ ಅಪಾಯ” ಎಂದರು ಗೈಡ್ ಮೇಡಂ. ಅಧ್ಯಕ್ಷರತ್ತ ನೋಡಿದರು. “ಮಾಹಿತಿ ಕೊಟ್ಟವರನ್ನ ಕಾಪಾಡೋಕೆ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕ್ಕೊಂಡ. ನನ್ನ ಸರ್ವಿಸಿನಲ್ಲಿ ಇಂಥ ವಿದ್ಯಾರ್ಥಿಯನ್ನ ನೋಡಿಲ್ಲ.” ಎರಡು ವರ್ಷ ‘ದಂಡಪಿಂಡ’ ಎಂದು ಬೈದದ್ದೂ ಅದೇ ಬಾಯಿ. ಮೂವರೂ ಸೇರಿ ಸೀಟು ಖಾಯಂ ಮಾಡಿದರು. ಅಧಿಕಾರಿಯಂತೂ ಎದ್ದು ಬಂದು ಇವನ ಬೆನ್ನು ತಟ್ಟಿ, ಕಿಟಕಿಯಿಂದ ಹೊರಗೆ ಒಮ್ಮೆ ನೋಡಿ, ಪರದೆ ಎಳೆದರು.

ಹೊರಗೆ ಪಡಸಾಲೆಯಲ್ಲಿ ಇವನು ಸತ್ಯ ಹೇಳಿ ಸೋತವನ ಹಾಗೆ ಗೋಡೆಗೆ ಒರಗಿ ನಿಂತಿದ್ದಾಗ ಅಧ್ಯಕ್ಷರು ಹಿಂದೆಯೇ ಬಂದರು. ಆಚೀಚೆ ನೋಡಿದರು. ದನಿ ತಗ್ಗಿಸಿದರು.

“ನಮ್ಮ ವಿಭಾಗದ ಮುಂದೆ ನೆರಳಿರೋದು ಒಂದೇ ಜಾಗ. ನಾನು ಕಾರು ನಿಲ್ಲಿಸೋ ಜಾಗ ಅದು. ಗಣಿತ ವಿಭಾಗದವರೊಬ್ಬರು ದಿನಾ ಮೊದಲೇ ಬಂದು ಹಿಡೀತಾರೆ. ಕುಲಪತಿಗಳಿಗೂ ಹೇಳಿ ನೋಡಿದೆ, ಏನೂ ಪ್ರಯೋಜನ ಆಗ್ಲಿಲ್ಲ.” ಕೆಮ್ಮಿದರು. “ನಾನೇನೂ ಕೇಳ್ತಿಲ್ಲ. ಸುಮ್ಮನೆ ನಿಮ್ಮ ಕಿವಿಗೆ ಹಾಕಿದೆ.”

ನನ್ನ ಭಾವಮೈದುನ ಬಾಯಿ ತೆರೆದ. ‘ನನ್ನ ಕೈಲಾಗಲ್ಲ’ ಎಂಬ ಮಾತು ತುಟಿಯವರೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಅಧ್ಯಕ್ಷರು, ಅಷ್ಟು ದೊಡ್ಡ ವಿದ್ವಾಂಸರು, ಕೈ ಕಟ್ಟಿಕೊಂಡು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿದ. ಕೊಡೆಯನ್ನು ನಿಧಾನವಾಗಿ ಕಂಕುಳಿಗೆ ಸೇರಿಸಿದ.

“ನೋಡೋಣ” ಎಂದ.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದೆವು. ಅಲ್ಲಿ ನಿಂತಮೇಲೆ ಅವನೇ, “ಹಾಸ್ಟೆಲ್ ಕೋಣೆ ಈ ವಾರವೇ ಕೊಡ್ತಾರಂತೆ. ಕೊನೆಗೂ ನಿಮಗೆ ಮುಂದಿನ ಕೋಣೆ ಸಿಕ್ತು ಭಾವ” ಎಂದ.

ಎರಡು ವರ್ಷದಿಂದ ನಾನು ಕಾದಿದ್ದ ಮಾತು ಅದು. ಆದರೆ ಆಗ ನನ್ನ ಕಣ್ಣ ಮುಂದೆ ಬಂದದ್ದು ಕೋಣೆಯಲ್ಲ.

“ಅವಸರ ಏನಿದೆ ಮಾರಾಯ, ಇರು. ನಿನ್ನದೇ ಮನೆ” ಎಂದೆ. ಆಮೇಲೆ, ಸುಮ್ಮನೆ ಮಾತಿಗೆ ಮಾತು ಬಂತು ಎನ್ನುವ ಹಾಗೆ, “ನಮ್ಮ ಅಂಗಡಿ ಪಕ್ಕದವನು ಇದ್ದಾನಲ್ಲ, ಮೊಬೈಲ್‌ನವನು. ಅವನ ಬೋರ್ಡು ನನ್ನ ಬೋರ್ಡಿಗೆ ಅಡ್ಡ ಬಂದಿದೆ. ಎಷ್ಟು ಹೇಳಿದ್ರೂ ಕೇಳ್ತಿಲ್ಲ. ನಾನೇನೂ ಕೇಳ್ತಿಲ್ಲಪ್ಪ. ಸುಮ್ನೆ ನಿನ್ನ ಕಿವಿಗೆ ಹಾಕ್ದೆ” ಎಂದೆ.

ಅವನು ನನ್ನನ್ನು ನೋಡಿದ. ಸಾಕಷ್ಟು ಹೊತ್ತು ನೋಡಿದ. ನಾನು ಅಂಗಿಯ ಗುಂಡಿ ಸರಿಮಾಡಿಕೊಂಡೆ.

“ನೋಡೋಣ ಭಾವ” ಎಂದ.

ಬಸ್ಸು ಬಂತು. ಮೊದಲು ಅವನನ್ನು ಹತ್ತಿಸಿ ಆಮೇಲೆ ನಾನು ಹತ್ತಿದೆ.